ಅಂಕಲ್ ಹೇಳಲಾಗದ ಆಜ್ಞೆ

ನಿನ್ನೆ ಹೇವರ್ಡ್‌ನ ಗುಡ್ಡದ ಮೇಲೆ ಕಾರಿನಿಂದ ಇಳಿದಾಗ ನೀಲಗಿರಿ ಎಲೆಯ ವಾಸನೆ ಬಂತು. ಸ್ಯಾನ್ ರಮೋನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾದರು. ಆಟಕ್ಕೆ ಕೂರುವ ಮೊದಲು ಬೆರಳುಗಳಿಗೆ ನೀಲಗಿರಿ ಎಣ್ಣೆ ಉಜ್ಜಿಕೊಳ್ಳುತ್ತಿದ್ದರು...

ಕಾರವಾರದವರು. ನಿವೃತ್ತರಾದ ಮೇಲೆ ಕಂಪ್ಯೂಟರಿನಲ್ಲಿ ಹಾಯಿಹಡಗುಗಳ ಕಾಲದ ಯುದ್ಧದ ಆಟ ಹಿಡಿದಿದ್ದರು. ಶನಿವಾರ ಬೆಳಿಗ್ಗೆ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಶತ್ರುವಿನ ಹಡಗು ಕಂಡರೆ ಸಾಕು, ನನಗೆ ತೋಪು ಹಾರಿಸುವ ಆತುರ. ಅವರು ತಡೆಯುತ್ತಿದ್ದರು.

"ಮೊದ್ಲು ಗಾಳಿ ಗೆಲ್ಲು ತಂಗಿ. ವೈರಿ ಆಮೇಲೆ."

ಗಾಳಿ ಬೆನ್ನಿಗೆ ಬರುವಂತೆ ಯುದ್ಧನೌಕೆಗಳನ್ನು ತಿರುಗಿಸಿ, ಧಾನ್ಯ ಹೊತ್ತ ಹಡಗುಗಳನ್ನು ನಡುವೆ ಇಟ್ಟುಕೊಂಡು ಕಾಯುತ್ತಿದ್ದರು. ಗೆದ್ದ ದಿನವೂ ಮುಳುಗಿದ ಒಂದು ಹಡಗಿಗಾಗಿ ಮಂಕಾಗಿಬಿಡುತ್ತಿದ್ದರು.

ಆಮೇಲೆ ನರದ ಕಾಯಿಲೆ ಬಂತು. ಮೊದಲು ಕೈ ಹೋಯಿತು. ಮೌಸು ನನ್ನ ಕೈಗೆ ಬಂತು, ಆಜ್ಞೆ ಮಾತ್ರ ಅವರದೇ. ನಂತರ ಮಾತೂ ತೊದಲತೊಡಗಿತು. ಇಲ್ಲೇ, ಈ ಪರದೇಶದಲ್ಲೇ, ಹುಟ್ಟಿ ಬೆಳೆದ ಅವರ ಮಗಳಿಗೆ ತಿಳಿಯದ್ದು ನನಗೆ ಹೇಗೋ ತಿಳಿಯುತ್ತಿತ್ತು. ಅಪ್ಪನಿಗೆ ನೀರು ಬೇಕೋ, ದಿಂಬು ಬೇಕೋ ಎಂದು ಅವಳು ನನ್ನನ್ನೇ ಕರೆದು ಕೇಳುತ್ತಿದ್ದಳು.

ಕೊನೆಯ ಸಲ ಆಡಿದಾಗ ನಮ್ಮ ಪಡೆ ಜಲಸಂಧಿಯಲ್ಲಿ ಸಿಕ್ಕಿಬಿದ್ದಿತು. ಧಾನ್ಯದ ಹಡಗುಗಳನ್ನು ಬಿಟ್ಟು ಓಡಿದರೆ ಉಳಿದವು ಪಾರಾಗುತ್ತಿದ್ದವು. ಏನು ಮಾಡಲಿ ಎಂದು ಕೇಳಿದೆ.

"ಬಿ... ಬಿ..."

ಬಿಡು ಎಂದರೋ, ಬಿಡಬೇಡ ಎಂದರೋ. ಆಟವನ್ನು ತಡೆದಿಟ್ಟು, ಬಿಡುವುದಾದರೆ ಕಣ್ಣು ಮುಚ್ಚಿ ಎಂದೆ. ಮುಚ್ಚಿದರು. ಅದು ಉತ್ತರವೋ, ಕಣ್ಣಲ್ಲಿ ನೀರು ತುಂಬಿದ್ದಕ್ಕೋ... ಅವರು ಎಂದೂ ಹಡಗು ಬಿಟ್ಟು ಹೋದವರಲ್ಲ ಎಂದುಕೊಂಡು ನಿಂತು ಕಾದಾಡಿಸಿದೆ. ಎಲ್ಲವೂ ಮುಳುಗಿದವು. ಅಂಕಲ್ ಗಂಟಲಲ್ಲೇ ಏನೋ ಹೇಳುತ್ತಲೇ ಇದ್ದರು. ಅವರ ಬಾಯಿ ಒರೆಸಿ, ಕೈ ಹಿಡಿದು ಕುಳಿತೆ.

ಮುಂದಿನ ವಾರ ಆಸ್ಪತ್ರೆಗೆ ಹೋದವರು ಮರಳಲಿಲ್ಲ.

ನಿನ್ನೆ ಹೋಗಿದ್ದು ಅವರ ಮಗಳ ಮನೆಗೇ. ಕಾಫಿ ಕೊಟ್ಟು, ಫೋನು ತೆಗೆದು, ಆಸ್ಪತ್ರೆಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಅಪ್ಪನ ಧ್ವನಿ ಕೇಳಿಸಿದಳು.

"ಅಕ್ಕಾ, ಅಪ್ಪ ಏನ್ ಹೇಳ್ತಿದಾರೆ? ಯೂ ಆಲ್ವೇಸ್ ಅಂಡರ್‌ಸ್ಟುಡ್."

ಉಸಿರು, ಒಂದು ನರಳಿಕೆ, ಮತ್ತೆ ಉಸಿರು. ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ.

"ಗೊತ್ತಾಗ್ತಿಲ್ಲ ಕಣೇ," ಎಂದೆ.

ಅವಳು ತಲೆಯಾಡಿಸಿದಳು. ಧ್ವನಿಯನ್ನು ಇನ್ನಷ್ಟು ಜೋರು ಮಾಡಿ ಮತ್ತೆ ಹಾಕಿದಳು.