ಎಬ್ಬಿಸಬಾರದ ಮೋಟಾರು

ಮೊನ್ನೆ ಮೊಮ್ಮಗಳಿಗೆ ಕಾಡಿಗೆ ಮಾಡಲೆಂದು ದೀಪಕ್ಕೆ ಔಡಲೆಣ್ಣೆ ಹಾಕಿದ್ದೆ. ಹೊಗೆ ಏಳುತ್ತಲೂ ಆ ಕಮಟು ವಾಸನೆಯ ಹಿಂದೆಯೇ ಮಸ್ಕಿಯ ಬಾಜೂ ಮನೆ ಕಾಕಾ ಬಂದು ನಿಂತಂತಾಯಿತು...

ನಿಜಾಮನ ಕಾಲ. ನಾನು ಹೊಸದಾಗಿ ಸೊಸೆಯಾಗಿ ಬಂದಿದ್ದೆ. ಕಾಕಾ ಹಟ್ಟಿಯ ಚಿನ್ನದ ಗಣಿ ಕಡೆಯಿಂದ ಹಳೆ ಎಂಜಿನ್ನು ತಂದು ಪಂದ್ಯದ ಮೋಟಾರು ಕಟ್ಟುತ್ತಿದ್ದ. ಲಿಂಗಸುಗೂರಿನ ಬಯಲಲ್ಲಿ ಜಹಗೀರದಾರರ ವಿಲಾಯಿತಿ ಮೋಟಾರುಗಳನ್ನೆಲ್ಲ ಅದು ಹಿಂದೆ ಹಾಕುತ್ತಿತ್ತು. ಅಂಥ ಓಟಕ್ಕೆ ಎಂಜಿನ್ನು ಸವೆಯದಿರಲು ಔಡಲೆಣ್ಣೆಯೇ ಬೇಕೆಂದು ಡಬ್ಬಿ ಹಿಡಿದು ನಮ್ಮ ಮನೆಗೆ ಬರುತ್ತಿದ್ದ.

"ಮನಿಷ್ಯಾ ಕುಡದ್ರನ ನಿಂತಲ್ಲಿ ನಿಲ್ಲಂಗಿಲ್ಲ, ಮೋಟಾರ ಓಡದ ಏನ್ ಮಾಡೀತು ಬಿಡೋ!" ಎಂದು ನಮ್ಮತ್ತೆ ನಗುತ್ತಿದ್ದಳು.

ಓಡಿಸುವವನು ಕಾಕಿಯ ತಮ್ಮ. ಅವಳೇ ಸಾಕಿದ ಹುಡುಗ. ಒಂದು ಪಂದ್ಯದ ತಿರುವಿನಲ್ಲಿ ಮೋಟಾರು ಮಗುಚಿ ಅಲ್ಲೇ ತೀರಿಕೊಂಡ.

ಕೆಲವು ದಿನಗಳ ಮೇಲೆ ಕಾಕಾ ಅದನ್ನು ಸರಿಮಾಡಿ ಚಾಲೂ ಮಾಡಿದ. ಎಂಜಿನ್ನಿನೊಳಗಿಂದ ಸಣ್ಣ ಸಿಳ್ಳು. ಆ ಹುಡುಗನ ಹಲ್ಲಿನ ಸಂದಿಯಿಂದ ಬರುತ್ತಿದ್ದಂಥದೇ. ಕಾಕಿ ಒಲೆ ಬಿಟ್ಟು ಓಡಿ ಬಂದಳು.

"ಬಂದಾನ ನೋಡ್ರಿ!"

ಎಂಜಿನ್ನಿನ ಬೇನೆ ಹುಡುಕಲು ಕಾಕಾ ಒಂದು ಕಟ್ಟಿಗೆ ಇಟ್ಟುಕೊಂಡಿದ್ದ. ಒಂದು ತುದಿ ಎಂಜಿನ್ನಿಗೆ, ಒಂದು ಕಿವಿಗೆ. ಅದನ್ನು ಹಚ್ಚಿ ಕೇಳಿ, "ಒಂದು ವಾಲ್ವು ಸಡ್ಲಾಗೇದ, ಅಷ್ಟ. ಬಿಗಿ ಮಾಡದಿದ್ರ ಪಂದ್ಯದಾಗ ಎಂಜಿನ್ನ ಒಡೀತದ" ಎಂದ.

"ಬಿಗಿ ಮಾಡಿದ್ರ?" ಎಂದಳು ಕಾಕಿ.

ಕಾಕಾ ಆಗ ಅದನ್ನು ಹಾಗೇ ಬಿಟ್ಟ. ಪಂದ್ಯ ಹತ್ತಿರ ಬಂದಾಗ ಬಿಗಿ ಮಾಡಿದ. ಸಿಳ್ಳು ನಿಂತಿತು.

ಮರುದಿನ ಮಧ್ಯಾಹ್ನ ಕಾಕಿ ಮೋಟಾರಿಗೆ ಕಟ್ಟಿಗೆ ಹಚ್ಚಿಕೊಂಡು ಕೂತಿದ್ದಳು. ನನ್ನನ್ನು ಕಂಡು ಕೈ ಮಾಡಿದಳು. "ಬಾ ಯವ್ವಾ, ಕೇಳು. ನಿದ್ದಿ ಹತ್ತೇದ ಅವಗ."

ಎಂಜಿನ್ನು ತಣ್ಣಗಿತ್ತು. ಕಿವಿ ಹಚ್ಚಿದೆ... ಒಳಗೆ ಉಸಿರಾಟ. ನನ್ನದೇ ಇರಬೇಕೆಂದು ಉಸಿರು ಬಿಗಿಹಿಡಿದೆ. ಅದು ನಿಲ್ಲಲಿಲ್ಲ.

ಕಾಕಾನೂ ಬಹಳ ಹೊತ್ತು ಕೇಳಿದ. ಪಂದ್ಯಕ್ಕೆ ಹೋಗಲಿಲ್ಲ. ಆಮೇಲೆ ಯಾವ ಮೋಟಾರನ್ನೂ ಕಟ್ಟಲಿಲ್ಲ.

ರಜಾಕಾರರ ಗದ್ದಲದಲ್ಲಿ ಊರು ಖಾಲಿಯಾಗತೊಡಗಿತು. ಮಂದಿ ಸಿಂಧನೂರಿನ ಮೇಲೆ ಹಾಯ್ದು, ಹೊಳೆ ದಾಟಿ ನಿಜಾಮನ ಗಡಿಯಾಚೆ ಹೋಗುತ್ತಿದ್ದರು.

"ಚಾಲೂ ಮಾಡಲೇ, ಹೊತ್ತು ಮುಳುಗೂದ್ರಾಗ ಹೊಳಿ ಮುಟ್ತಿ!" ಎಂದು ನಮ್ಮ ಮಾವ ಬೈದರು.

"ಎಬ್ಬಿಸೂದು ಬ್ಯಾಡಣ್ಣ" ಎಂದ ಕಾಕಾ, ಮೋಟಾರಿಗೆ ಎರಡೆತ್ತು ಹೂಡಿದ. ಕಾಕಿ ಮೇಲೆ ಕೂತಳು. ನಮ್ಮದೂ ಸೇರಿ ಬಂಡಿಗಳೆಲ್ಲ ಅವರನ್ನು ದಾಟಿ ಹೋದವು...

ಗದ್ದಲ ಮುಗಿದು ನಾವು ತಿರುಗಿ ಬಂದಾಗ ಆ ಎತ್ತುಗಳು ಅವರ ಅಂಗಳದಲ್ಲೇ ನಿಂತಿದ್ದವು. ಕೊರಳ ಹಗ್ಗ ಹರಿದಿರಲಿಲ್ಲ, ಯಾರೋ ಬಿಚ್ಚಿದಂತಿತ್ತು. ಅವರೂ ಬರಲಿಲ್ಲ, ಮೋಟಾರೂ ಬರಲಿಲ್ಲ.

ಹೊಳೆ ದಾಟಿದವರನ್ನೆಲ್ಲ ವರ್ಷಗಟ್ಟಲೆ ಕೇಳಿದೆ. ಕಂಡವರೊಬ್ಬರೂ ಸಿಗಲಿಲ್ಲ. ಈಗ ಕೇಳೋಣವೆಂದರೆ, ಆ ದಾರಿಯಲ್ಲಿ ಹೋದವರೇ ಹೆಚ್ಚು ಉಳಿದಿಲ್ಲ.