ಜಪ್ತಿಯಾದ ಜೀಪನ್ನು ಅವನೇ ಓಡಿಸಿದ

ಇದನ್ನು ಬರೆಯಲು ನಿವೃತ್ತಿಯಾದ ವರ್ಷವೇ ಕೂತಿದ್ದೆ. ಎರಡು ಸಾಲು ಬರೆದು ಹರಿದೆ. ಆಮೇಲೆ ಕಣ್ಣಿನ ಪೊರೆಯ ನೆಪ, ಮಗಳ ಬಾಣಂತನದ ನೆಪ. ಈಗ ನೆಪಗಳು ಮುಗಿದಿವೆ.

ಸಕಲೇಶಪುರದಲ್ಲಿ ಸರ್ಕಾರಿ ನಿಗಮವೊಂದರ ಸಾಲ ವಸೂಲಿ ನನ್ನ ಉಸ್ತುವಾರಿಯಲ್ಲಿತ್ತು. ಎಸ್ಸೆಸ್ಸೆಲ್ಸಿ ಓದಿ ಗುಮಾಸ್ತನಾಗಿ ಸೇರಿದವನು ನಾನು. ಜಿಲ್ಲಾ ಕಚೇರಿಯ ಮೀಟಿಂಗ್ ಅಂದರೆ ಹಿಂದಿನ ದಿನವೇ ಕಡತಗಳನ್ನು ಮೂರು ಮೂರು ಸಲ ತಿರುವುತ್ತಿದ್ದೆ. ಆ ಮಾರ್ಚಿನಲ್ಲಿ, ಒಂದು ಗಾಡಿಯನ್ನಾದರೂ ಜಪ್ತಿ ಮಾಡಿ ತಂದು ನಿಲ್ಲಿಸದಿದ್ದರೆ ನನ್ನನ್ನೇ ಎತ್ತಂಗಡಿ ಮಾಡುವುದಾಗಿ ಮೇಲಿನವರು ಹೇಳಿದ್ದರು. ಬಾಕಿದಾರರ ಪಟ್ಟಿಯಲ್ಲಿ ಸಿಕ್ಕವನು ಹಾನುಬಾಳಿನಾಚೆಯ ಒಬ್ಬ ಬಾಡಿಗೆ ಜೀಪಿನವನು.

ನಮ್ಮ ಜವಾನರಿಗೆ ಡ್ರೈವಿಂಗ್ ಬಾರದು. ಹಾಗಾಗಿ ಜಪ್ತಿ ಮಾಡಿದ ಗಾಡಿಯನ್ನು ಸಾಲಗಾರನ ಕೈಯಲ್ಲೇ ಓಡಿಸಿ ಕಚೇರಿಗೆ ತರಿಸುವುದು ರೂಢಿ. ಅವನೂ ತಂದ. ದಾರಿಯಲ್ಲಿ ಕಾಫಿ ಎಸ್ಟೇಟಿನ ಕೂಲಿ ಲೈನಿನ ಹೆಂಗಸರು ಕೈ ಅಡ್ಡ ಹಿಡಿದಾಗ ಅಭ್ಯಾಸಬಲದಿಂದ ನಿಲ್ಲಿಸಿ, ನನ್ನ ಮುಖ ನೋಡಿ, ಮತ್ತೆ ಹೊರಟ. ಬಾಕಿ ಕಂತನ್ನು ಸಂತೆಯ ದಿನ ನಿಮ್ಮ ಕೈಗೇ ಕೊಟ್ಟಿದ್ದೇನೆ, ರಸೀದಿ ಚೀಟಿ ಮನೆಯಲ್ಲೇ ಇದೆ ಎಂದು ದಾರಿಯುದ್ದಕ್ಕೂ ಹೇಳಿದ. ಎಲ್ಲರೂ ಹಾಗೇ ಹೇಳುತ್ತಾರೆ ಎಂದುಕೊಂಡೆ. ಕೀ ಕೊಟ್ಟು ಅವನು ಸಂಜೆಯ ಬಸ್ಸು ಹತ್ತಿದ.

ಅವನು ಹೋದ ಮೇಲೆ ಯಾಕೋ ಡ್ರಾಯರ್ ತೆಗೆದೆ. ಊರೂರಿಗೆ ಒಯ್ಯುವ ರಸೀದಿ ಪುಸ್ತಕದಲ್ಲಿ ಅವನ ಚೀಟಿಯ ಕಾರ್ಬನ್ ಪ್ರತಿ ಇತ್ತು. ನನ್ನದೇ ಅಕ್ಷರ. ಹಣದ ಲಕೋಟೆ ಅದರಡಿಯಲ್ಲೇ. ಆ ಸಂತೆಯ ದಿನ ಜ್ವರದಲ್ಲಿ ಎಲ್ಲವನ್ನೂ ಅಲ್ಲಿ ತುರುಕಿ ಮನೆಗೆ ಹೋದವನು ವಾರ ಮಲಗಿದ್ದೆ. ಖಾತೆಗೆ ಏರಿಸಿರಲಿಲ್ಲ.

ಅಷ್ಟರಲ್ಲಿ ಮೊಬೈಲಿಗೆ ಅರಣ್ಯದವರ ಸಂದೇಶ ಬಂತು. ಹಾನುಬಾಳಿನ ಆ ದಿಕ್ಕಿನ ರಸ್ತೆಯಲ್ಲಿ ಆನೆಗಳಿವೆ, ಜೊತೆಗೆ ಮರಿ ಇದೆ, ಯಾರೂ ನಡೆದು ಹೋಗಬಾರದು. ಬಸ್ಸಿಳಿದು ಅವನು ನಡೆಯಬೇಕಾದದ್ದು ಅದೇ ಮೂರು ಮೈಲಿ. ಅವನ ಜೀಪು ನನ್ನ ಕಿಟಕಿಯ ಕೆಳಗಿತ್ತು, ಅವನ ಫೋನ್ ನಂಬರು ಕಡತದಲ್ಲಿತ್ತು. ಆನೆ ಇದೆ ಎಂದಷ್ಟೇ ಹೇಳಬಹುದಿತ್ತು. ಹಾಗಾದರೆ ಜೀಪು ಕೊಡಿ ಅಂದರೆ? ಹಣ ನುಂಗಿದವನೆಂದು ನನ್ನನ್ನು ಸಸ್ಪೆಂಡ್ ಮಾಡಿದರೆ? ಕತ್ತಲಾಗುವವರೆಗೂ ಫೋನನ್ನು ಬೋರಲು ಹಾಕಿ ಕೂತೆ.

ಬೆಳಿಗ್ಗೆ ಅವನ ಹೆಂಡತಿ ಬಂದಳು. ಒಬ್ಬಳನ್ನೇ ಕಂಡು, ಅವನೂ ಬಂದಿರಬಹುದೇ ಎಂದು ಅವಳ ಹಿಂದಿನ ಬಾಗಿಲು ನೋಡಿದೆ. ದೇವರ ಪಟದ ಹಿಂದಿಟ್ಟು ಕುಂಕುಮ ಹತ್ತಿದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಸುತ್ತ ಜವಾನರು, ಗುಮಾಸ್ತರು ನಿಂತಿದ್ದರು.

"ಇದು ನನ್ನ ಅಕ್ಷರ ಅಲ್ಲಮ್ಮ" ಎಂದೆ.

ಅವಳು ನನ್ನನ್ನೇ ನೋಡಿದಳು. "ಆಗ್ಲಿ ಬುಡಿ ಸಾರ್. ನಮ್ಮೆಜಮಾನ್ರು ಬೆಳಗಾಗೋಗಂಟ ಹಲಸಿನ ಮರದ ಮೇಲೆ ಕುಂತಿದ್ರು, ಕೆಳಗೆ ಆನೆ. ನಾನು ಸುಳ್ಳುಗಾತಿ ಅಂದ್ರೆ ಸುಳ್ಳುಗಾತಿನೇ. ಜೀಪು ಬುಟ್ಕೊಡಿ."

ಮೂರನೇ ದಿನ, ಹಣ ಆಗಷ್ಟೇ ಬಂತು ಎಂಬಂತೆ ಬರೆದು ಜೀಪು ಬಿಟ್ಟೆ. ಮೇಲಿನವರನ್ನು ನಾನೇ ಒಪ್ಪಿಸಿದೆನೆಂದು ಹೇಳಿದಾಗ ಅವನು ಕೈ ಮುಗಿದ. ಆ ಕೈ ಮುಗಿದದ್ದು ನನಗೆ ನಿದ್ದೆ ಕೊಡಲಿಲ್ಲ. ವರ್ಷದ ಮೇಲೆ ಬಸ್ ನಿಲ್ದಾಣದಲ್ಲಿ ಅವನನ್ನು ನಿಲ್ಲಿಸಿ ನಿಜ ಹೇಳಿ ಕ್ಷಮೆ ಕೇಳಿದೆ. ಅವನು "ಆಗಿದ್ದಾಯ್ತು. ನಮ್ಮನೇವ್ಳ ಮುಂದೆ ಮಾತ್ರ ಬರ್ಬೇಡಿ ಸಾರ್, ಅವ್ಳು ಬುಡಾಕಿಲ್ಲ" ಎಂದ.

ಆ ಮಾತನ್ನೇ ಗುರಾಣಿ ಮಾಡಿಕೊಂಡೆ. ಹಾನುಬಾಳಿನಲ್ಲಿ ಬಸ್ಸು ನಿಂತರೆ ಇವತ್ತಿಗೂ ತಲೆ ತಗ್ಗಿಸಿ ಕೂರುತ್ತೇನೆ. ನಾನು ಕ್ಷಮೆ ಕೇಳದೆ ಉಳಿದವಳು ಅವಳು, ಕುಂಕುಮ ಹತ್ತಿದ ಚೀಟಿ ತಂದವಳು, ನಾಲ್ಕು ಜನರೆದುರು ನಾನು ಸುಳ್ಳುಗಾತಿ ಮಾಡಿದ ಆ ಜೀಪಿನವನ ಹೆಂಡತಿ.