ಕಾರ್ಡಿನಲ್ಲಿ ಉಳಿದ ಗಂಡ

ಅಣ್ಣನ ಮಗನ ಉಪನಯನದ ಕಾರ್ಡು ಕೈಗೆ ಬಂದಾಗ ನನ್ನ ವಿಚ್ಛೇದನವಾಗಿ ನಾಲ್ಕು ವರ್ಷ ಕಳೆದಿತ್ತು. ಆದರೂ ಕಾರ್ಡಿನ ಕೆಳಗೆ ‘ಸೋದರತ್ತೆ ಮತ್ತು ಮಾವ’ ಎಂದು ನನ್ನ ಹೆಸರಿನ ಪಕ್ಕ ಆ ಮನುಷ್ಯನ ಹೆಸರು ಅಚ್ಚಾಗಿತ್ತು. ನಮ್ಮಲ್ಲಿ ಕಾರ್ಡಿನಲ್ಲಿ ಒಂದು ಹೆಸರು ಬಿಟ್ಟುಹೋದರೆ ಊರಿಡೀ ಕಾರಣ ಕೇಳುತ್ತದೆ. ಅಪ್ಪ ದೇವಸ್ಥಾನದ ಅರ್ಚಕರು. ಅವರ ಮರ್ಯಾದೆಗೆಂದು ಅಮ್ಮ ನನ್ನ ಸತ್ತ ಮದುವೆಗೆ ಇನ್ನೂ ನೀರು ಕುಡಿಸುತ್ತಿದ್ದಳು.

“ಆರತಿ ಎತ್ತಲಿಕ್ಕೆ ಮುತ್ತೈದೆಯೇ ಆಗ್ಬೇಕಲ್ಲ. ಅವ ಎಲ್ಲಿ ಅಂತ ಕೇಳಿದ್ರೆ ರಜೆ ಸಿಗ್ಲಿಲ್ಲ ಹೇಳುವ. ಒಂದು ದಿನದ್ದಲ್ವಾ?” ಎಂದಳು.

ಒಂದು ದಿನದ್ದಂತೆ. ಆ ಮದುವೆಯಲ್ಲಿ ಹನ್ನೊಂದು ವರ್ಷ ನಾನು ಹಾಗೆಯೇ ದಿನ ದೂಡಿದ್ದು.

ಅಷ್ಟರಲ್ಲಿ ನನ್ನ ಬದುಕಿಗೆ ಇನ್ನೊಬ್ಬರು ಬಂದಿದ್ದರು. ಗಲ್ಫಿನಿಂದ ಮರಳಿ ಪಂಪ್‌ವೆಲ್‌ನಲ್ಲಿ ಏಸಿ ರಿಪೇರಿ ಅಂಗಡಿ ಇಟ್ಟವರು, ಹಂಪನಕಟ್ಟೆಯ ನಮ್ಮ ಆಫೀಸಿನ ಏಸಿ ನೋಡಲು ಬಂದು ಪರಿಚಯವಾದವರು. ಮೊದಲ ಭಾನುವಾರ “ಎಲ್ಲಿಗೆ ಹೋಗುವ?” ಎಂದು ಕೇಳಿದಾಗ ನನಗೆ ಸಿಟ್ಟೇ ಬಂತು. ಉತ್ತರ ಗೊತ್ತಿರಲಿಲ್ಲ. ನನ್ನ ಇಷ್ಟವೇನೆಂದು ಯಾರೂ ಕೇಳದೆ ನಾನೂ ಅದನ್ನು ಮರೆತುಬಿಟ್ಟಿದ್ದೆ. ಕೊನೆಗೆ, ಬಜಪೆಯಲ್ಲಿ ವಿಮಾನ ಇಳಿಯುವುದನ್ನು ನೋಡಬೇಕು ಎಂದೆ. ನಲವತ್ತೆರಡರ ಹೆಂಗಸಿಗೆ ಇದೆಂಥ ಆಸೆ ಎಂದು ಅವರು ನಗಲಿಲ್ಲ. ರಸ್ತೆ ಬದಿ ಚರುಮುರಿ ತಿನ್ನುತ್ತ ಮೂರು ವಿಮಾನ ನೋಡಿದೆವು. ನಾನು ಎಷ್ಟು ಮಾತಾಡುತ್ತೇನೆ, ಎಷ್ಟು ಜೋರಾಗಿ ನಗುತ್ತೇನೆ ಎಂದು ನನಗೇ ಅವತ್ತು ಗೊತ್ತಾಯಿತು. ಅವರ ಮೇಲೆ ಪ್ರೀತಿ ಹುಟ್ಟಿತು. ನನ್ನ ಮೇಲೂ ಸ್ವಲ್ಪ.

ಉಪನಯನಕ್ಕೆ ಅವರನ್ನು ನಾನೇ ಕರೆದೆ.

“ಬೇಡ ಮಾರಾಯ್ತಿ, ನಿನ್ನ ಮನೆಯವರಿಗೆ ಕಷ್ಟ ಆಗ್ತದೆ,” ಎಂದರು.

ಆಗಲಿ ಎಂದೆ.

ಸಭಾಭವನದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಾಗಲೇ ದೊಡ್ಡಮ್ಮ ಕೇಳಿದರು, “ಅಳಿಯ ಬರ್ಲಿಲ್ವಾ?”

“ರಜೆ ಸಿಗ್ಲಿಲ್ಲ,” ಎಂದು ಅಮ್ಮ ಬಾಯಿಪಾಠ ಒಪ್ಪಿಸಿದಳು.

“ರಜೆಯದ್ದು ಎಂತ ಇಲ್ಲ ದೊಡ್ಡಮ್ಮ. ನಮಗೆ ಡೈವೋರ್ಸ್ ಆಗಿ ನಾಲ್ಕು ವರ್ಷ ಆಯ್ತು. ಅಲ್ಲಿ ನೀಲಿ ಶರ್ಟಿನವರು ಕೂತಿದ್ದಾರಲ್ಲ, ನಾನು ಅವರನ್ನು ಮದುವೆ ಆಗ್ತೇನೆ.”

ಮದುವೆಯ ವಿಷಯ ಆ ನೀಲಿ ಶರ್ಟಿನವರಿಗೂ ನಾನು ಅಲ್ಲಿಯವರೆಗೆ ಹೇಳಿರಲಿಲ್ಲ. ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕುಳಿತರು.

ಅಮ್ಮ ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡು ಅತ್ತಿಗೆಯ ತಂಗಿಗೆ ಕೊಟ್ಟಳು. ನಾನು ಎತ್ತಿ ಆಡಿಸಿದ ಹುಡುಗ, ಅವನಿಗೆ ಆರತಿ ಎತ್ತುವುದು ತಪ್ಪಿತು. ಸಂಕಟವಾಯಿತು, ಅಳುವೂ ಬಂತು. ಆಡಿದ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಊಟದ ಪಂಕ್ತಿಯಲ್ಲಿ ಹೋಗಿ ಅವರ ಪಕ್ಕವೇ ಕುಳಿತೆ. ನಮ್ಮ ಎರಡೂ ಬದಿಯ ಎಲೆಗಳಿಗೆ ಯಾರೂ ಬರಲಿಲ್ಲ. ಬಡಿಸುವವರು ತಲೆ ತಗ್ಗಿಸಿ ನಮ್ಮನ್ನು ದಾಟಿ ಹೋದರು. ಇಡೀ ಪಂಕ್ತಿಗೆ ಕೇಳುವ ಹಾಗೆ ಬಡಿಸುವವರನ್ನು ವಾಪಸು ಕರೆದೆ, ಪಾಯಸ ಎರಡೆರಡು ಸಲ ಹಾಕಿಸಿಕೊಂಡೆ.